95 ಸಾಕಾ, 98 ಬೇಕೇ ಬೇಕಾ? ಟರ್ಬೊ ಕಾರಿನ ಆಕ್ಟೇನ್ ಲೆಕ್ಕ ಬಿಡಿಸಿ ಹೇಳಿ

ರೆಡ್‌ಲೈನ್_ರಂಗ
2.0 ಲೀಟರ್ ಟರ್ಬೊ, ಡೈರೆಕ್ಟ್ ಇಂಜೆಕ್ಷನ್, ಕಂಪ್ರೆಷನ್ 9.6:1, ಎಲ್ಲಾ ಸ್ಟಾಕ್ (ಕಂಪನಿ ಕೊಟ್ಟ ಹಾಗೇ). ಪೆಟ್ರೋಲ್ ಮುಚ್ಚಳದ ಒಳಗೆ ‘98 ಆರ್‌ಓಎನ್, ಕನಿಷ್ಠ 95’ ಅಂತಿದೆ (ಆರ್‌ಓಎನ್ ಅಂದ್ರೆ ಆಕ್ಟೇನ್ ಅಳೆಯೋ ಒಂದು ಪದ್ಧತಿ). 95 ಹಾಕಿದ್ರೆ ಎಂಜಿನ್‌ಗೆ ಪೆಟ್ಟಾ, ಇಲ್ಲಾ ಪಿಕಪ್ ಮಾತ್ರ ಕಮ್ಮಿನಾ? 100 ಹಾಕಿದ್ರೆ ಇನ್ನೂ ಪವರ್ ಬರುತ್ತಾ? ಬೂಸ್ಟರ್ ಬಾಟಲಿ ಸುರಿದು 95ನ್ನ 98 ಮಾಡ್ಬಹುದಾ? ‘ಒಳ್ಳೇ ಪೆಟ್ರೋಲ್ ಹಾಕು ಎಂಜಿನ್ ಚೆನ್ನಾಗಿರುತ್ತೆ’ ಅನ್ನೋ ಉತ್ತರ ಬೇಡ. ಲೆಕ್ಕ ಬೇಕು.

ಪಿಸ್ಟನ್‌ಪುಟ್ಟ
98 ಹಾಕಿ ಸುಮ್ನಿರಿ ಗುರು. ಮುಚ್ಚಳದ ಮೇಲೇ ಬರೆದಿದ್ದಾರಲ್ಲ, ಇನ್ನೇನು ಡೌಟು?

ಟರ್ಬೊಭಟ್ಟ
ಪುಟ್ಟಣ್ಣ ಹೇಳಿದ್ದು ಸರಿ, ಆದ್ರೆ ಯಾಕೆ ಅಂತ ಗೊತ್ತಾದ್ರೆ ಮಿಕ್ಕಿದ ಪ್ರಶ್ನೆಗಳೂ ತಾವೇ ಬಗೆಹರಿಯುತ್ತವೆ.

ಆಕ್ಟೇನ್ ಅಂದ್ರೆ ಶಕ್ತಿ ಅಲ್ಲ. ಕಿಡಿ ಹೊತ್ತಿಸಿದ ಬೆಂಕಿ ತಲುಪೋ ಮುಂಚೆ, ಸಿಲಿಂಡರ್‌ನ ಮೂಲೇಲಿ ಉಳಿದಿರೋ ಮಿಶ್ರಣ ಒತ್ತಡಕ್ಕೆ, ಕಾವಿಗೆ ತಾನೇ ಹೊತ್ಕೊಳ್ಳದೆ ಎಷ್ಟು ತಡ್ಕೊಳ್ಳುತ್ತೆ ಅನ್ನೋದರ ಅಳತೆ ಅದು. ತಡ್ಕೊಳ್ಳದೆ ಹೋದ್ರೆ ಆ ಮೂಲೆ ಒಂದೇ ಸಲ ಸಿಡಿದು ಒತ್ತಡದ ಅಲೆ ಗೋಡೆಯಿಂದ ಗೋಡೆಗೆ ಬಡಿಯುತ್ತೆ. ನಾಕಿಂಗ್ ಅನ್ನೋದು ಇದನ್ನೇ. 86 ಮಿಮೀ ಬೋರ್ (ಸಿಲಿಂಡರ್‌ನ ಅಗಲ) ಇರೋ ಎಂಜಿನ್‌ನಲ್ಲಿ ಆ ಸದ್ದು ಸುಮಾರು 6.5 ಕಿಲೋಹರ್ಟ್ಜ್. ನಾಕ್ ಸೆನ್ಸರ್ ಕಿವಿಗೊಟ್ಟಿರೋದು ಆ ಆಸುಪಾಸಿನ ಸದ್ದಿಗೇ. ಬೋರ್ ದೊಡ್ಡದಾದ್ರೆ ಸದ್ದಿನ ಸ್ಥಾಯಿ ಇಳಿಯುತ್ತೆ.

ಅಳತೆಗೆ ಎರಡು ದ್ರವ ಇಟ್ಕೊಂಡಿದ್ದಾರೆ. ಐಸೊ-ಆಕ್ಟೇನ್‌ಗೆ 100, ನಾರ್ಮಲ್ ಹೆಪ್ಟೇನ್‌ಗೆ 0. ನಿಮ್ಮ 95 ಅಂದ್ರೆ, 95 ಪಾಲು ಅದು, 5 ಪಾಲು ಇದು ಬೆರೆಸಿದಾಗ ಹೇಗೆ ಬಡಿಯುತ್ತೋ ಹಾಗೇ ಬಡಿಯೋ ಪೆಟ್ರೋಲ್. ಅದರೊಳಗೆ ನಿಜವಾಗಿ ಅಷ್ಟು ಐಸೊ-ಆಕ್ಟೇನ್ ಇರ್ಬೇಕು ಅಂತೇನಿಲ್ಲ.

ಇನ್ನು ಪವರ್. ಕಿಡಿ ಯಾವಾಗ ಬಿದ್ರೆ ಹೆಚ್ಚು ಟಾರ್ಕ್ ಬರುತ್ತೋ ಆ ಬಿಂದುವಿಗೆ ಎಂಬಿಟಿ ಅಂತಾರೆ. ಸಾಮಾನ್ಯವಾಗಿ ಅರ್ಧ ಇಂಧನ ಉರಿದು ಮುಗಿಯೋ ಹೊತ್ತು ಟಿಡಿಸಿ (ಪಿಸ್ಟನ್ ತುತ್ತತುದಿ ಮುಟ್ಟೋ ಬಿಂದು) ದಾಟಿ, ಕ್ರ್ಯಾಂಕ್ ತಿರುಗೋ ಲೆಕ್ಕದಲ್ಲಿ ಸುಮಾರು 8 ಡಿಗ್ರಿಗೆ ಬಂದ್ರೆ ಅದೇ ಎಂಬಿಟಿ. ಟರ್ಬೊ ಎಂಜಿನ್ ಫುಲ್ ಬೂಸ್ಟ್‌ನಲ್ಲಿ (ಟರ್ಬೊ ಗಾಳಿಯನ್ನ ಪೂರ್ತಿ ಒತ್ತಿ ತುಂಬೋವಾಗ) ಅಲ್ಲಿಗೆ ಹೋಗೋಕೇ ಆಗಲ್ಲ, ಅದಕ್ಕೂ ಮುಂಚೆ ನಾಕ್ ಅಡ್ಡ ಬರುತ್ತೆ. ಅದಕ್ಕೆ ಕಿಡಿಯನ್ನ ತಡ ಮಾಡಿರ್ತಾರೆ. 98 ಹಾಕಿದ್ರೆ ಆ ತಡ ಕಡಿಮೆಯಾಗುತ್ತೆ, ಅಷ್ಟೇ ಲಾಭ.

ಹಳೇಎಂಜಿನ್
ಹೈ ಆಕ್ಟೇನ್ ಪೆಟ್ರೋಲ್ ನಿಧಾನಕ್ಕೆ ಉರಿಯುತ್ತೆ, ಅದಕ್ಕೇ ನಾಕ್ ಆಗಲ್ಲ. ಇದನ್ನ ಯಾಕೆ ಬಿಟ್ರಿ ಭಟ್ರೇ?

ಟರ್ಬೊಭಟ್ಟ
ಸುಳ್ಳು ಅಂತಲೇ ಬಿಟ್ಟಿದ್ದು ಸ್ವಾಮಿ. ಉರಿಯ ವೇಗಕ್ಕೂ ಆಕ್ಟೇನ್‌ಗೂ ನೇರ ಸಂಬಂಧ ಇಲ್ಲ. ಎಥನಾಲ್ ಆರ್‌ಓಎನ್ ಸುಮಾರು 108, ಆದ್ರೆ ಅದರ ಜ್ವಾಲೆ ಪೆಟ್ರೋಲ್‌ಗಿಂತ ತುಸು ಚುರುಕೇ. ತಾನಾಗಿ ಹೊತ್ಕೊಳ್ಳೋದಕ್ಕೆ ಎಷ್ಟು ತಡ ಮಾಡುತ್ತೆ ಅನ್ನೋದು ಒಂದು ಗುಣ, ಹೊತ್ಕೊಂಡ ಮೇಲೆ ಎಷ್ಟು ಬೇಗ ಹರಡುತ್ತೆ ಅನ್ನೋದು ಇನ್ನೊಂದು ಗುಣ.

ಸುಮ್ನೆಓದ್ತೀನಿ
‘ಹೈ ಆಕ್ಟೇನ್ ಹಾಕಿದ್ರೆ ವಾಲ್ವ್ ಸುಡುತ್ತೆ’ ಅನ್ನೋದೂ ಇದೇ ಜಾತಿಯ ಮಾತು ತಾನೇ?

ಟರ್ಬೊಭಟ್ಟ
ಇದೇ ಜಾತಿ.

ಆಮದುಗಾಡಿ
ಒಂದು ವಿಷಯ ಯಾರೂ ಗಮನಿಸಿಲ್ಲ. ಇದೇ ಎಂಜಿನ್‌ನ ಅಮೆರಿಕದ ಕೈಪಿಡಿಯಲ್ಲಿ ‘91’ ಅಂತಿರುತ್ತೆ. ಅಲ್ಲಿ 91ಕ್ಕೆ ಓಡೋ ಎಂಜಿನ್ ಇಲ್ಲಿ 98 ಕೇಳುತ್ತೆ ಅಂದ್ರೆ ಬರೀ ಪ್ರಚಾರ. 91 ಹಾಕಿದ್ರೂ ನಡೆಯುತ್ತೆ.

ಲ್ಯಾಂಬ್ಡಾ_ಒಂದು
ಅಯ್ಯೋ ಮಾರಾಯ್ರೆ, ಹಾಗೆ ಮಾಡಿದ್ರೆ ಎಂಜಿನ್ ಹೋದ ಹಾಗೇ! ಅಲ್ಲಿನ 91, ಬೇರೆ ಕಡೆಯ 91 ಒಂದೇ ಅಳತೆ ಅಲ್ಲ.

ಒಂದೇ ಸಿಲಿಂಡರ್‌ನ ಸಿಎಫ್‌ಆರ್ ಪರೀಕ್ಷಾ ಎಂಜಿನ್‌ನಲ್ಲಿ ಎರಡು ತರ ಅಳೀತಾರೆ. ಆರ್‌ಓಎನ್‌ಗೆ 600 ಆರ್‌ಪಿಎಂ, ಒಳಬರೋ ಗಾಳಿ 52 ಡಿಗ್ರಿ. ಎಂಓಎನ್‌ಗೆ 900 ಆರ್‌ಪಿಎಂ, ಮಿಶ್ರಣವನ್ನೇ 149 ಡಿಗ್ರಿಗೆ ಕಾಯಿಸ್ತಾರೆ. ಎರಡನೆಯದು ಬಿಗಿಯಾದ ಪರೀಕ್ಷೆ, ಹಾಗಾಗಿ ಅಂಕಿ ಸಾಮಾನ್ಯವಾಗಿ 8ರಿಂದ 10 ಕಮ್ಮಿ ಬರುತ್ತೆ. ಯುರೋಪಿನ ಪಂಪ್ ಮೇಲೆ ಬರೆಯೋದು ಆರ್‌ಓಎನ್. ಅಮೆರಿಕದಲ್ಲಿ ಎರಡರ ಸರಾಸರಿ, ಅದನ್ನ ಎಕೆಐ ಅಂತಾರೆ. ಅಲ್ಲಿನ 87 ಅಂದ್ರೆ ಆರ್‌ಓಎನ್‌ನಲ್ಲಿ ಸುಮಾರು 91–92, 91 ಅಂದ್ರೆ 95–96, 93 ಅಂದ್ರೆ ಹತ್ತತ್ರ 98. ಯುರೋಪಿನ ಇಎನ್ 228 ಮಾನದಂಡದಲ್ಲಿ ಸಾಮಾನ್ಯ 95ಕ್ಕೆ ಎಂಓಎನ್ ಕನಿಷ್ಠ 85 ಇರ್ಬೇಕು. ಸರಾಸರಿ ತೆಗೀರಿ, 90 ಬರುತ್ತೆ.

ಜಪಾನಿನ ಗಾಡಿಯಾದ್ರೆ ಇನ್ನೊಂದು ತಕರಾರು. ಅಲ್ಲಿನ ಮಾನದಂಡದಲ್ಲಿ ‘ರೆಗ್ಯುಲರ್’ ಅಂದ್ರೆ 89 ಆರ್‌ಓಎನ್‌ನಿಂದ ಮೇಲೆ, ‘ಹೈ ಆಕ್ಟೇನ್’ ಅಂದ್ರೆ 96ರಿಂದ ಮೇಲೆ. ಮುಚ್ಚಳದಲ್ಲಿ ಬರೀ ಹೈ ಆಕ್ಟೇನ್ ಅಂತಿದ್ರೆ ಯಾವ ಅಂಕಿ ಅಂತ ಕೈಪಿಡಿ ತೆಗೆದೇ ನೋಡ್ಬೇಕು.

ಆಮದುಗಾಡಿ
ಸರಿ, ಅಳತೆ ವಿಷಯ ಒಪ್ಪಿದೆ. ಆದ್ರೂ ಒಂದೇ ಎಂಜಿನ್‌ಗೆ ಬೇರೆ ಬೇರೆ ದೇಶದಲ್ಲಿ ಬೇರೆ ಆಕ್ಟೇನ್ ಇದ್ದೇ ಇದೆ. ಮಜ್ದಾ ಸ್ಕೈಆಕ್ಟಿವ್ ನೋಡಿ.

ಲ್ಯಾಂಬ್ಡಾ_ಒಂದು
ಅದು ನನ್ನ ಮಾತಿಗೇ ಸಾಕ್ಷಿ. ಸ್ಕೈಆಕ್ಟಿವ್-ಜಿ ಯುರೋಪಿನಲ್ಲಿ 95ಕ್ಕೆ 14:1 ಕಂಪ್ರೆಷನ್, ಅಮೆರಿಕದಲ್ಲಿ ರೆಗ್ಯುಲರ್ 87 ಎಕೆಐಗೆ 13:1. ಪಿಸ್ಟನ್ನೇ ಬೇರೆ! ಎಕ್ಸಾಸ್ಟ್ ಮ್ಯಾನಿಫೋಲ್ಡ್ ಉದ್ದದ 4-2-1 ಮಾಡಿ, ಸಿಲಿಂಡರ್‌ನಲ್ಲಿ ಉಳಿಯೋ ಬಿಸಿ ಹೊಗೆಯನ್ನ ಕಮ್ಮಿ ಮಾಡಿ ಅಷ್ಟು ಕಂಪ್ರೆಷನ್‌ಗೆ ನಾಕ್ ಆಗದ ಹಾಗೆ ನೋಡ್ಕೊಂಡ್ರು. ‘ಒಂದೇ ಎಂಜಿನ್’ ಅನ್ನೋ ಮುಂಚೆ ಪಾರ್ಟ್ ನಂಬರ್ ನೋಡಿ.

ಪಿಸ್ಟನ್‌ಪುಟ್ಟ
ಅಂದ್ರೆ ಕಂಪ್ರೆಷನ್ ಜಾಸ್ತಿ ಇದ್ರೆ ಆಕ್ಟೇನ್ ಜಾಸ್ತಿ, ಕಮ್ಮಿ ಇದ್ರೆ ಕಮ್ಮಿ. ರಂಗನ ಗಾಡಿ 9.6 ತಾನೇ, 95 ಸಾಕಲ್ವಾ?

ಇಣುಕುನೋಟ
ಟರ್ಬೊ ಗಾಡಿಗೆ ಪುಸ್ತಕದ ಕಂಪ್ರೆಷನ್ ಅಂಕಿ ಅರ್ಧ ಕಥೆ ಮಾತ್ರ. ಲೆಕ್ಕ ಹಾಕಿ. ಹೊರಗಡೆ ಗಾಳಿ 20 ಡಿಗ್ರಿ, ಬೂಸ್ಟ್ 1 ಬಾರ್. ಗಾಳಿಯನ್ನ ಎರಡು ಪಟ್ಟು ಒತ್ತಿದ್ರೆ ಆದರ್ಶ ಸ್ಥಿತಿಯಲ್ಲೇ 84 ಡಿಗ್ರಿ ಆಗುತ್ತೆ. ಕಂಪ್ರೆಸರ್‌ನ ದಕ್ಷತೆ ಶೇ. 70 ಅಂದ್ಕೊಂಡ್ರೆ 111. ಇಂಟರ್‌ಕೂಲರ್ ಚೆನ್ನಾಗಿ ಕೆಲಸ ಮಾಡಿ ಆ ಏರಿಕೆಯ ಶೇ. 70 ಇಳಿಸಿದ್ರೆ ಎಂಜಿನ್‌ಗೆ 47 ಡಿಗ್ರಿ ಗಾಳಿ. ಟ್ರಾಫಿಕ್‌ನಲ್ಲಿ ನಿಂತು ಇಂಟರ್‌ಕೂಲರ್ ಕಾದು ಶೇ. 40 ಮಾತ್ರ ಇಳಿಸಿದ್ರೆ 75 ಡಿಗ್ರಿ. ಗಾಡಿ ಅದೇ, ಪೆಟ್ರೋಲ್ ಅದೇ, ಗಾಳಿ ಮಾತ್ರ 28 ಡಿಗ್ರಿ ಬಿಸಿ. 47ಕ್ಕೆ ಸುಮ್ನಿದ್ದ 95, 75ಕ್ಕೆ ಬಡಿಯೋಕೆ ಶುರು ಮಾಡುತ್ತೆ.

ಅದಕ್ಕೇ ‘95 ಸಾಕಾ’ ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಬೆಳಗಿನ ತಂಪಿನಲ್ಲಿ, ಅರ್ಧ ಆಕ್ಸಿಲರೇಟರ್‌ನಲ್ಲಿ ಓಡಿಸೋನಿಗೆ ಸಾಕು. ಟ್ರ್ಯಾಕ್‌ನಲ್ಲಿ ನಾಲ್ಕನೇ ಸುತ್ತಿಗೆ ಸಾಲಲ್ಲ.

ಎತ್ತರದ ಜಾಗದಲ್ಲಿ ಕಮ್ಮಿ ಆಕ್ಟೇನ್ ನಡೆಯುತ್ತೆ ಅಂತ ಯಾರಾದ್ರೂ ಹೇಳೋ ಮುಂಚೆ ನಾನೇ ಹೇಳ್ಬಿಡ್ತೀನಿ. ಅದು ಟರ್ಬೊ ಇಲ್ಲದ ಹಳೇ ಎಂಜಿನ್‌ಗೆ. ಗಾಳಿ ತೆಳುವಾದ್ರೆ ಅವುಗಳ ಸಿಲಿಂಡರ್ ಒತ್ತಡವೂ ಇಳಿಯುತ್ತೆ. ಟರ್ಬೊ ಹಾಗಲ್ಲ. ಬೂಸ್ಟ್ ಗುರಿ ಮುಟ್ಟೋಕೆ ಇನ್ನೂ ಜೋರಾಗಿ ತಿರುಗಿ ಗಾಳಿಯನ್ನ ಇನ್ನಷ್ಟು ಕಾಯಿಸುತ್ತೆ.

ಪಿಸ್ಟನ್‌ಪುಟ್ಟ
ಇಷ್ಟೆಲ್ಲ ತಲೆನೋವು ಯಾಕೆ? ಇಸಿಯು (ಎಂಜಿನ್‌ನ ಕಂಪ್ಯೂಟರ್) ಇದೆ, ನಾಕ್ ಸೆನ್ಸರ್ ಇದೆ. ಏನು ಹಾಕಿದ್ರೂ ಅದೇ ಸರಿ ಮಾಡ್ಕೊಳ್ಳುತ್ತೆ.

ಇಣುಕುನೋಟ
ಸರಿ ಮಾಡ್ಕೊಳ್ಳಲ್ಲ ಪುಟ್ಟಣ್ಣ, ತಡ್ಕೊಳ್ಳುತ್ತೆ. ಬಡಿತ ಕೇಳಿದ *ಮೇಲೆ* ಕಿಡಿ ಹಿಂದಕ್ಕೆ ಎಳೆಯುತ್ತೆ, ಅಷ್ಟರಲ್ಲಿ ಒಂದೆರಡು ಏಟು ಬಿದ್ದಿರುತ್ತೆ. ಸಾವಕಾಶ ಮುಂದಕ್ಕೆ ಬಿಟ್ಟು ನೋಡುತ್ತೆ, ಮತ್ತೆ ಕೇಳಿದ್ರೆ ಮತ್ತೆ ಎಳೆಯುತ್ತೆ. ಹೀಗೆ ಎಳೆದದ್ದಕ್ಕೆ ಬೆಲೆಯೂ ಇದೆ. ಕಿಡಿ ತಡವಾದ್ರೆ ಉರಿ ತಡವಾಗಿ ಮುಗಿಯುತ್ತೆ, ಕಾವು ಪಿಸ್ಟನ್ ತಳ್ಳೋ ಬದಲು ಎಕ್ಸಾಸ್ಟ್‌ಗೆ ಹೋಗುತ್ತೆ. ಟರ್ಬೈನ್, ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡೋ ‘ಕ್ಯಾಟ್’) ಬಿಸಿಯಾಗ್ತವೆ. ಅವನ್ನ ತಣ್ಣಗಿಡೋಕೆ ಎಷ್ಟೋ ಎಂಜಿನ್‌ಗಳು ಹೆಚ್ಚು ಪೆಟ್ರೋಲ್ ಸುರೀತವೆ. ಕಮ್ಮಿ ಆಕ್ಟೇನ್ ಹಾಕಿ ಉಳಿಸಿದ್ದು ಅಲ್ಲೇ ಸೋರಿ ಹೋಗುತ್ತೆ.

ಇನ್ನೊಂದು ವಿಷಯ. ಟರ್ಬೊ ಇಲ್ಲದ ಎಂಜಿನ್ ಎಂಬಿಟಿ ಹತ್ರಾನೇ ಇದ್ರೆ ಒಂದೆರಡು ಡಿಗ್ರಿ ಎಳೆದರೂ ಟಾರ್ಕ್ ಅಷ್ಟೇನೂ ಬೀಳಲ್ಲ, ಆ ರೇಖೆ ತುದೀಲಿ ಚಪ್ಪಟೆ. ಫುಲ್ ಬೂಸ್ಟ್‌ನಲ್ಲಿರೋ ಟರ್ಬೊ ಈಗಾಗ್ಲೇ ಇಳಿಜಾರಿನಲ್ಲಿರುತ್ತೆ. ಅಲ್ಲಿ ಪ್ರತಿ ಡಿಗ್ರಿಯೂ ದುಬಾರಿ.

ರೆಡ್‌ಲೈನ್_ರಂಗ
ಸರಿ, ಹಾಗಾದ್ರೆ ನನ್ನ ಗಾಡಿ ಎಷ್ಟು ಎಳೀತಿದೆ ಅಂತ ತಿಳ್ಕೊಳ್ಳೋದು ಹೇಗೆ?

ಇಣುಕುನೋಟ
ಲಾಗ್ ಮಾಡಿ. ಪಿಕಪ್ ‘ಚೆನ್ನಾಗ್ ಅನ್ಸುತ್ತೆ’ ಅನ್ನೋದನ್ನ ನಂಬಬೇಡಿ. ಐದು ಡಿಗ್ರಿ ತಂಪಾದ ಗಾಳಿಯೂ ಹಾಗೇ ಅನ್ಸುತ್ತೆ.

ಒಬಿಡಿ ಸಾಕೆಟ್‌ಗೆ (ಇಸಿಯು ಮಾಹಿತಿ ಓದೋ ಕಿಂಡಿ) ವೇಗವಾಗಿ ಓದೋ ಅಡಾಪ್ಟರ್ ಬೇಕು. ಸೆಕೆಂಡಿಗೆ ಒಂದೆರಡು ಸಲ ಓದೋದು ಪ್ರಯೋಜನ ಇಲ್ಲ, ನಾಕ್ ನಡುವೆ ತಪ್ಪಿಸ್ಕೊಂಡು ಹೋಗುತ್ತೆ. ಆರ್‌ಪಿಎಂ, ಲೋಡ್, ಇಗ್ನಿಷನ್ ಟೈಮಿಂಗ್, ಸಿಲಿಂಡರ್‌ವಾರು ನಾಕ್ ರಿಟಾರ್ಡ್ (ನಾಕ್ ಕೇಳಿ ಕಿಡಿಯನ್ನ ಎಷ್ಟು ಡಿಗ್ರಿ ಹಿಂದಕ್ಕೆ ಎಳೆದಿದೆ ಅನ್ನೋದು), ಇನ್‌ಟೇಕ್ ಗಾಳಿಯ ಕಾವು, ಬೂಸ್ಟ್, ಲ್ಯಾಂಬ್ಡಾ (ಗಾಳಿ-ಇಂಧನ ಅನುಪಾತದ ಅಳತೆ), ಇಷ್ಟೇ ಆರಿಸಿ. ಸಾಲು ಹೆಚ್ಚಾದಷ್ಟೂ ಓದೋ ವೇಗ ಇಳಿಯುತ್ತೆ. ಸಿಲಿಂಡರ್‌ವಾರು ರಿಟಾರ್ಡ್ ಸಾಮಾನ್ಯ ಒಬಿಡಿ ಪಟ್ಟಿಯಲ್ಲಿ ಸಿಗಲ್ಲ, ಆ ಕಂಪನಿಯ ಗಾಡಿಗೇ ಮಾಡಿದ ಆ್ಯಪ್ ಬೇಕು.

ಕೂಲೆಂಟ್ 90, ಆಯಿಲ್ 80 ದಾಟಿರಲಿ. ಡೈನೊ (ಗಾಡಿ ನಿಲ್ಲಿಸಿ ಪವರ್ ಅಳೆಯೋ ಯಂತ್ರ) ಮೇಲೆ ಅಥವಾ ಟ್ರ್ಯಾಕ್‌ನಲ್ಲಿ ಮೂರನೇ ಗೇರ್, 2,500ರಿಂದ ರೆಡ್‌ಲೈನ್ ತನಕ ಪೂರ್ತಿ ಒತ್ತಿ. ಮೂರು ಸಲ, ನಡುವೆ ಎರಡು ನಿಮಿಷ ಬಿಟ್ಟು. ಓಟದ ಶುರುವಿನಲ್ಲಿ ಇನ್‌ಟೇಕ್ ಕಾವು 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ರೆ ಹೋಲಿಕೆಗೆ ಅರ್ಥ ಇಲ್ಲ.

ಆಮೇಲೆ ಪೆಟ್ರೋಲ್ ಬದಲಿಸಿ ಇದನ್ನೇ ಮಾಡಿ, ಆದ್ರೆ ಒಂದು ಟ್ಯಾಂಕ್‌ಗೆ ನಂಬಬೇಡಿ. 10 ಲೀಟರ್ 95 ಉಳಿದಿರೋ ಟ್ಯಾಂಕ್‌ಗೆ 40 ಲೀಟರ್ 98 ಹಾಕಿದ್ರೆ ಸುಮಾರು 97.4. ಎರಡನೇ ಸಲ ತುಂಬಿದಾಗ 97.9. ಇಸಿಯು ಕಲಿತದ್ದನ್ನ ಮರೆಯೋಕೂ ಸ್ವಲ್ಪ ಓಡಿಸ್ಬೇಕು.

ಎಲ್ಲೋ ಒಂದು ಸಿಲಿಂಡರ್‌ನಲ್ಲಿ, ಯಾವಾಗಲೋ ಒಂದು ಸಲ 1–2 ಡಿಗ್ರಿ ಎಳೆದ್ರೆ ತಲೆ ಕೆಡಿಸ್ಕೋಬೇಡಿ. ಎಲ್ಲ ಸಿಲಿಂಡರ್‌ನಲ್ಲೂ, ಪ್ರತಿ ಓಟದಲ್ಲೂ, ಅದೇ ಆರ್‌ಪಿಎಂನಲ್ಲಿ 3–4 ಡಿಗ್ರಿಗಿಂತ ಹೆಚ್ಚು ಎಳೀತಿದ್ರೆ ಪೆಟ್ರೋಲ್ ಸಾಲ್ತಿಲ್ಲ. ಒಂದೇ ಸಿಲಿಂಡರ್ ಯಾವಾಗಲೂ ಎಳೀತಿದ್ರೆ ಪೆಟ್ರೋಲ್‌ನ ಬೈಯಬೇಡಿ, ಆ ಸಿಲಿಂಡರ್‌ನ ಇಂಜೆಕ್ಟರ್, ಪ್ಲಗ್, ಕಾರ್ಬನ್ ನೋಡಿ.

ಬಾಕ್ಸರ್_ಬಾಬು
ಸುಬರು ಇದ್ದವರು ಡಿಎಎಂ ಅನ್ನೋ ಅಂಕಿ ನೋಡಿ. 1.0 ಇದ್ರೆ ಇಸಿಯು ಪೂರ್ತಿ ಟೈಮಿಂಗ್ ಕೊಡ್ತಿದೆ ಅಂತ. ಅದಕ್ಕಿಂತ ಕೆಳಗಿಳಿದಿದ್ರೆ ನಾಕ್ ಕೇಳಿ ಹೆದರಿದೆ. ಇಳಿದಿರೋವಾಗ ಟ್ರ್ಯಾಕ್‌ಗೆ ಹೋಗ್ಬೇಡಿ.

ಹಳೇಎಂಜಿನ್
ಸೆನ್ಸರ್ ಸುಳ್ಳೂ ಹೇಳುತ್ತೆ. ಸಡಿಲಾದ ಹೀಟ್ ಶೀಲ್ಡ್, ಗಟ್ಟಿ ರಬ್ಬರ್‌ನ ಎಂಜಿನ್ ಮೌಂಟಿಂಗ್, ಪಿಸ್ಟನ್ ಸವೆದ ಸದ್ದು, ಎಲ್ಲವೂ ಅದಕ್ಕೆ ನಾಕ್ ತರಾನೇ ಕೇಳಿಸ್ಬಹುದು. ಸೆನ್ಸರ್ ಬಿಚ್ಚಿ ಹಾಕಿದವರು ಬೋಲ್ಟ್ ಬಿಗಿಸಿದ್ದನ್ನೂ ಒಮ್ಮೆ ನೋಡಿ. ಬಹುತೇಕ ಸುಮಾರು 20 ನ್ಯೂಟನ್ ಮೀಟರ್, ಸೆನ್ಸರ್‌ಗೂ ಬ್ಲಾಕ್‌ಗೂ ನಡುವೆ ವಾಷರ್ ಇರ್ಬಾರ್ದು, ಬಣ್ಣ, ತುಕ್ಕು, ಗ್ರೀಸ್ ಇರ್ಬಾರ್ದು. ಸಡಿಲ ಇದ್ರೆ ಕಿವುಡು, ಅತಿ ಬಿಗಿಯಾದ್ರೆ ಒಳಗಿನ ಪೀಜೊ ಹರಳು ಒತ್ತಿ ಓದೋದೇ ಬದಲಾಗುತ್ತೆ.

ಅನುಮಾನ ಬಂದ್ರೆ ಪ್ಲಗ್ ಬಿಚ್ಚಿ ಭೂತಗನ್ನಡಿ ಹಿಡೀರಿ. ಬಿಳಿ ಪಿಂಗಾಣಿ ಮೇಲೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕರಿ ಚುಕ್ಕೆ, ಮಿನುಗೋ ಅಲ್ಯೂಮಿನಿಯಂ ಕಣ ಕಂಡ್ರೆ ಅದು ಪಿಸ್ಟನ್‌ದೇ.

ಸುಮ್ನೆಓದ್ತೀನಿ
ಮಿನುಗೋದು ಕಂಡ್ರೆ ಚಿನ್ನ ಅಂದ್ಕೊಂಡ್ಬಿಡ್ತಿದ್ದೆ 😄

ಆಮದುಗಾಡಿ
ಪ್ಲಗ್ ಮಾತು ಬಂತು ಅಂತ ಕೇಳ್ತೀನಿ, ತಣ್ಣಗಿನ ಪ್ಲಗ್ ಹಾಕಿದ್ರೆ 95ರಲ್ಲೇ ಸುಧಾರಿಸ್ಬಹುದಾ?

ಹಳೇಎಂಜಿನ್
ಪ್ಲಗ್ ತುದಿಯೇ ಕೆಂಡವಾಗಿ ಕಿಡಿಗೆ ಮುಂಚೆ ಹೊತ್ತಿಸೋದನ್ನ ಅದು ತಪ್ಪಿಸುತ್ತೆ. ಮೂಲೇಲಿ ಆಗೋ ನಾಕ್‌ಗೆ ಅದರಿಂದ ಹೆಚ್ಚೇನೂ ಆಗಲ್ಲ. ತುದಿ 500 ಡಿಗ್ರಿ ಆಸುಪಾಸಿಗಿಂತ ತಣ್ಣಗಿದ್ರೆ ಮಸಿ ಸುಡಲ್ಲ, ನಿಧಾನ ಓಡಾಟಕ್ಕೆ ಕಟ್ಕೊಳ್ಳುತ್ತೆ. ಸ್ಟಾಕ್ ಗಾಡಿಗೆ ಸ್ಟಾಕ್ ಪ್ಲಗ್. ಬದಲಿಸೋದಾದ್ರೆ ನಂಬರ್ ನೋಡ್ಕೊಳ್ಳಿ. ಎನ್‌ಜಿಕೆ, ಡೆನ್ಸೊದಲ್ಲಿ ನಂಬರ್ ಏರಿದ್ರೆ ತಣ್ಣಗೆ, ಬಾಷ್‌ನಲ್ಲಿ ಏರಿದ್ರೆ ಬಿಸಿ. ಉಲ್ಟಾ ಹಾಕ್ದವ್ರಿಗೆ ಬುದ್ಧಿ ಬರೋದು ಪಿಸ್ಟನ್ ತೂತಾದ ಮೇಲೆ.

ರೆಡ್‌ಲೈನ್_ರಂಗ
100 ಆಕ್ಟೇನ್ ಪ್ರಶ್ನೆ ಹಾಗೇ ಉಳೀತು.

ಟರ್ಬೊಭಟ್ಟ
ಸ್ಟಾಕ್ ಮ್ಯಾಪ್ (ಇಸಿಯುನಲ್ಲಿ ಬರೆದಿಟ್ಟ ಟೈಮಿಂಗ್ ಪಟ್ಟಿ) 98ಕ್ಕೆ ಬರೆದಿದ್ರೆ, 98ರಲ್ಲೇ ರಿಟಾರ್ಡ್ ಸೊನ್ನೆ ಇದ್ರೆ, 100ರಿಂದ ಸಿಗೋದು ಸೊನ್ನೆ. ನಾಕ್ ನಿಯಂತ್ರಣ ಸಾಮಾನ್ಯವಾಗಿ ಮ್ಯಾಪ್‌ನಿಂದ ಕಳೆಯುತ್ತೆ, ಮ್ಯಾಪ್‌ಗಿಂತ ಮುಂದೆ ಹೋಗಲ್ಲ. ಕೆಲವು ಇಸಿಯುಗಳಲ್ಲಿ ಹೆಚ್ಚಿನ ಆಕ್ಟೇನ್‌ದೊಂದು, ಕಮ್ಮಿದೊಂದು ಅಂತ ಎರಡು ಪಟ್ಟಿ ಇಟ್ಟು ನಡುವೆ ಎಲ್ಲೋ ನಿಲ್ತವೆ. ಮೇಲಿನ ಪಟ್ಟಿ ಮುಟ್ಟಿದ ಮೇಲೆ ಅಲ್ಲೂ ಅಷ್ಟೇ. ಬಿಸಿ ದಿನ, ಟ್ರ್ಯಾಕ್ ದಿನ 98ರಲ್ಲೂ ಎಳೀತಿದ್ರೆ ಆವಾಗ 100ಕ್ಕೆ ಕೆಲಸ ಇದೆ.

ಕಾರ್ಖಾನೆಯವರೇ ಎರಡನೇ ಮ್ಯಾಪ್ ಕೊಟ್ರೆ ಮಾತು ಬೇರೆ. 2018ರ ಡಾಡ್ಜ್ ಡೀಮನ್ ಪಂಪ್ ಪೆಟ್ರೋಲ್‌ಗೆ 808 ಎಚ್‌ಪಿ, ಅದರ ಜೊತೆ ಕೊಡೋ ಬೇರೆ ಇಸಿಯು ಹಾಕಿ 100 ಆಕ್ಟೇನ್ ರೇಸ್ ಪೆಟ್ರೋಲ್ ಕೊಟ್ರೆ 840. ಕೋನಿಗ್‌ಸೆಗ್ ಜೆಸ್ಕೊ ಪೆಟ್ರೋಲ್‌ನಲ್ಲಿ 1,280, ಇ85ನಲ್ಲಿ (ಸುಮಾರು ಶೇ. 85 ಎಥನಾಲ್ ಇರೋ ಇಂಧನ) 1,600. ಆ 320 ಎಚ್‌ಪಿ ಇಂಧನ ಹೊತ್ತು ತಂದ ಶಕ್ತಿ ಅಲ್ಲ. ಲೀಟರ್‌ಗೆ ನೋಡಿದ್ರೆ ಇ85ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಕಾಲುಭಾಗಕ್ಕೂ ಹೆಚ್ಚು ಕಮ್ಮಿ. ನಾಕ್ ಆಗಲ್ಲ ಅಂತ ಬೂಸ್ಟ್ ಏರಿಸೋಕೆ ಸಿಕ್ಕ ಧೈರ್ಯ ಅದು.

ಲ್ಯಾಂಬ್ಡಾ_ಒಂದು
ಭಟ್ರ ಮಾತಿಗೆ ಒಂದು ಬಾಲ. ಟರ್ಬೊ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್‌ಗೆ ಎಂಓಎನ್‌ಗಿಂತ ಆರ್‌ಓಎನ್ ಮುಖ್ಯ. ಪರೀಕ್ಷಾ ಎಂಜಿನ್‌ಗಿಂತ ಇಲ್ಲಿ ಒತ್ತಡ ಜಾಸ್ತಿ, ಆ ಒತ್ತಡಕ್ಕೆ ಮಿಶ್ರಣದ ಕಾವು ಕಮ್ಮಿ. ಆರ್‌ಓಎನ್ ಒಂದೇ ಇರೋ ಎರಡು ಪೆಟ್ರೋಲ್‌ನಲ್ಲಿ ಎಂಓಎನ್ ಕಮ್ಮಿ ಇರೋದೇ ಕೆಲವೊಮ್ಮೆ ನಾಕ್ ಚೆನ್ನಾಗಿ ತಡೆಯುತ್ತೆ. ಎಥನಾಲ್ ಇಂಥ ಎಂಜಿನ್‌ಗೆ ಒಗ್ಗೋದಕ್ಕೆ ಅದೂ ಒಂದು ಕಾರಣ. ಆವಿಯಾಗುವಾಗ ಸಿಲಿಂಡರ್ ಒಳಗೇ ತಂಪು ಮಾಡೋದು ಇನ್ನೊಂದು.

ಪಿಸ್ಟನ್‌ಪುಟ್ಟ
ಹಾಗಾದ್ರೆ ಬೂಸ್ಟರ್ ಬಾಟಲಿ? ‘30 ಪಾಯಿಂಟ್ ಏರುತ್ತೆ’ ಅಂತ ಬರೆದಿರುತ್ತೆ. 95 + 30 = 125, ವಿಮಾನ!

ಇಣುಕುನೋಟ
ಅಲ್ಲೇ ಇರೋದು ಮಸಲತ್ತು. ಅವರ ಒಂದು ಪಾಯಿಂಟ್ ಅಂದ್ರೆ 0.1 ಆಕ್ಟೇನ್. 30 ಪಾಯಿಂಟ್ ಅಂದ್ರೆ 3, ಅದೂ ಪೂರ್ತಿ ಬಾಟಲಿಯನ್ನ ಅವರು ಹೇಳಿದಷ್ಟೇ ಪೆಟ್ರೋಲ್‌ಗೆ ಹಾಕಿದ್ರೆ. ‘5 ಪಾಯಿಂಟ್’ ಬಾಟಲಿ 95ನ್ನ 95.5 ಮಾಡುತ್ತೆ. ಒಳಗೆ ಏನಿದೆ ಅನ್ನೋದು ಇನ್ನೂ ಮುಖ್ಯ. ಫೆರೋಸೀನ್ ಇದ್ರೆ ಕಬ್ಬಿಣದ ಕೆಂಪು ಪದರ ಪ್ಲಗ್ ಮೇಲೆ ಕೂತು, ಬಿಸಿಯಲ್ಲಿ ವಿದ್ಯುತ್ ಹರಿಸಿ ಮಿಸ್‌ಫೈರ್ ತರುತ್ತೆ. ಎಂಎಂಟಿ ಅಂದ್ರೆ ಮ್ಯಾಂಗನೀಸ್, ಅದು ಕಂದು ಪದರ ಕಟ್ಟಿ ಕ್ಯಾಟ್‌ನ ಜಾಲಿ ಮುಚ್ಚುತ್ತೆ. ದಿನಬಳಕೆಗೆ ಎರಡೂ ಬೇಡ.

ವಿಮಾನದ ಮಾತೂ ಬಂತು ನೋಡಿ. 100ಎಲ್‌ಎಲ್ ವಿಮಾನ ಪೆಟ್ರೋಲ್‌ನಲ್ಲಿ ಲೀಟರ್‌ಗೆ 0.56 ಗ್ರಾಂ ತನಕ ಸೀಸ ಇರುತ್ತೆ. ‘ಎಲ್‌ಎಲ್’ ಅಂದ್ರೆ ಸೀಸ ಕಮ್ಮಿ ಅಂತ ಹೆಸರು ಬೇರೆ! ಲ್ಯಾಂಬ್ಡಾ ಸೆನ್ಸರ್, ಕ್ಯಾಟ್ ಎರಡನ್ನೂ ಕೊಲ್ಲುತ್ತೆ. ರಸ್ತೆ ಕಾರಿಗೆ ಹಾಕಲೇಬೇಡಿ.

ಬಾಕ್ಸರ್_ಬಾಬು
ಟೊಲ್ಯೂನ್?

ಲ್ಯಾಂಬ್ಡಾ_ಒಂದು
ಕೆಲಸ ಮಾಡುತ್ತೆ. ಆರ್‌ಓಎನ್ ಸುಮಾರು 120. 40 ಲೀಟರ್ 95ಕ್ಕೆ 5 ಲೀಟರ್ ಬೆರೆಸಿದ್ರೆ ಲೆಕ್ಕಕ್ಕೆ 97.8. ಆದ್ರೆ ಕುದಿಯೋದು 110 ಡಿಗ್ರಿಗೆ, ಚಳಿಯಲ್ಲಿ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ಡಿಐ ಎಂಜಿನ್‌ನಲ್ಲಿ ಮಸಿ ಹೆಚ್ಚಾಗಿ ಎಕ್ಸಾಸ್ಟ್‌ನ ಕಣಗಳ ಫಿಲ್ಟರ್ ಬೇಗ ತುಂಬುತ್ತೆ. ಹಬೆ ವಿಷ. ಪ್ಲಾಸ್ಟಿಕ್ ಕ್ಯಾನಿನಿಂದ ಸುರಿದ್ರೆ ಸ್ಥಾಯಿ ವಿದ್ಯುತ್ತಿನ ಒಂದು ಕಿಡಿ ಸಾಕು. 98 ಸಿಗೋ ಕಡೆ ಈ ಸರ್ಕಸ್ ಯಾಕೆ?

ಬಾಕ್ಸರ್_ಬಾಬು
ಹಾಗಿದ್ರೆ ಇ85 ಸ್ವಲ್ಪ ಬೆರೆಸೋದು?

ಇಣುಕುನೋಟ
45 ಲೀಟರ್ ಇ10ಗೆ 5 ಲೀಟರ್ ಇ85 ಸೇರಿಸಿದ್ರೆ ಎಥನಾಲ್ ಶೇ. 17.5. ಗಮನಿಸ್ಬೇಕಾದ್ದು ಗಾಳಿ-ಇಂಧನ ಅನುಪಾತ. ಬರೀ ಪೆಟ್ರೋಲ್‌ಗೆ 14.7, ಇ10ಗೆ ಸುಮಾರು 14.1, ಇ20ಗೆ 13.5 ಆಸುಪಾಸು, ಇ85ಗೆ 9.8. ಎಥನಾಲ್ ಏರಿದಷ್ಟೂ ಇಂಜೆಕ್ಟರ್ ಹೆಚ್ಚು ಹೊತ್ತು ತೆರೆದಿರ್ಬೇಕು. ಇ10 ಬಿಟ್ಟು ಇ85ಗೆ ಪೂರ್ತಿ ಹೋದ್ರೆ ಲೀಟರ್ ಲೆಕ್ಕದಲ್ಲಿ ಶೇ. 40ರಷ್ಟು ಹೆಚ್ಚು. ಸ್ಟಾಕ್ ಹೈ ಪ್ರೆಷರ್ ಪಂಪ್ ಅಷ್ಟು ಕೊಡಲ್ಲ, ಮೇಲಿನ ಆರ್‌ಪಿಎಂನಲ್ಲಿ ರೇಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚೋ ಕೊಳವೆ) ಒತ್ತಡ ಕುಸಿದು ಮಿಶ್ರಣ ತೆಳುವಾಗುತ್ತೆ. ನಾಕ್ ತಪ್ಪಿಸೋಕೆ ಹೋಗಿ ಪಿಸ್ಟನ್ ಕರಗಿಸ್ಕೊಂಡ ಹಾಗೆ. ಬೆರೆಸೋರು ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ (ಇಸಿಯು ಇಂಧನದ ಅಳತೆಗೆ ಮಾಡ್ಕೊಳ್ಳೋ ತಿದ್ದುಪಡಿ), ರೇಲ್ ಪ್ರೆಷರ್ ಎರಡನ್ನೂ ಲಾಗ್ ಮಾಡ್ಲೇಬೇಕು. ಕೈಪಿಡಿ ಇ10 ತನಕ ಅಂದಿದ್ರೆ ವಾರಂಟಿ ಹೋಯ್ತು ಅಂದ್ಕೊಂಡೇ ಮಾಡಿ.

ಬಂಕ್‌ನ ಪೆಟ್ರೋಲ್‌ನಲ್ಲಿ ಎಥನಾಲ್ ಎಷ್ಟಿದೆ ಅಂತ ನೋಡೋಕೆ 100 ಮಿಲೀ ಅಳತೆ ಕೊಳವೆ ಸಾಕು. 10 ಮಿಲೀ ನೀರು, 90 ಮಿಲೀ ಪೆಟ್ರೋಲ್, ಮುಚ್ಚಿ ಅಲ್ಲಾಡಿಸಿ ಬಿಡಿ. ಎಥನಾಲ್ ನೀರಿನ ಜೊತೆ ಕೆಳಗಿಳಿಯುತ್ತೆ. ಕೆಳಗಿನ ಪದರ 19 ಮಿಲೀಗೆ ಬಂದ್ರೆ 90ರಲ್ಲಿ 9, ಅಂದ್ರೆ ಶೇ. 10.

ಹಳೇಎಂಜಿನ್
ತಿಂಗಳುಗಟ್ಟಲೆ ನಿಲ್ಲಿಸೋ ಗಾಡಿಗೂ ಇದೇ ಕಾಟ. ಎಥನಾಲ್ ಇರೋ ಪೆಟ್ರೋಲ್‌ಗೆ ನೀರು ಸೇರಿ ಮಿತಿ ಮೀರಿದ್ರೆ ಎಥನಾಲ್ ನೀರಿನ ಜೊತೆ ತಳಕ್ಕೆ ಹೋಗುತ್ತೆ. ಮೇಲೆ ಉಳಿದದ್ದರ ಆಕ್ಟೇನ್ ಎರಡು ಮೂರು ಅಂಕ ಇಳಿದಿರುತ್ತೆ, ಪಂಪ್ ಹೀರೋದು ತಳದ ನೀರು. ನಿಲ್ಲಿಸೋದಾದ್ರೆ ಟ್ಯಾಂಕ್ ಫುಲ್ ಮಾಡಿ ನಿಲ್ಲಿಸಿ, ಒದ್ದೆ ಗಾಳಿಗೆ ಜಾಗ ಇರಲ್ಲ.

ಇಷ್ಟಕ್ಕೂ ಡಿಸ್ಟ್ರಿಬ್ಯೂಟರ್ ಇದ್ದ ಕಾಲದಲ್ಲಿ ಇದೆಲ್ಲ ಎಷ್ಟು ಸುಲಭ! ಕಟಕಟ ಅಂದ್ರೆ ಕ್ಲ್ಯಾಂಪ್ ಸಡಿಲಿಸಿ, ರೋಟರ್ ತಿರುಗೋ ದಿಕ್ಕಿಗೇ ಡಿಸ್ಟ್ರಿಬ್ಯೂಟರ್‌ನ ಎರಡು ಡಿಗ್ರಿ ತಿರುಗಿಸಿದ್ರೆ ಮುಗೀತು.

ಸುಮ್ನೆಓದ್ತೀನಿ
ಶುರುವಾಯ್ತು ಕಾರ್ಬುರೇಟರ್ ಪುರಾಣ.

ಆಮದುಗಾಡಿ
ಒಂದೇ ಪೈಪ್‌ನಲ್ಲಿ 95, 98 ಎರಡೂ ಬರೋ ಪಂಪ್‌ನಲ್ಲಿ ಮೊದಲು ಬರೋದು ಹಿಂದಿನವನ ಪೆಟ್ರೋಲ್ ಅಲ್ವಾ? ಹಾಗಾದ್ರೆ 98 ಹಾಕಿಸಿಯೂ ಮೋಸ.

ಟರ್ಬೊಭಟ್ಟ
ಪೈಪ್‌ನಲ್ಲಿ ಉಳಿಯೋದು ಸುಮಾರು ಒಂದೆರಡು ಲೀಟರ್. 40 ಲೀಟರ್ ಹಾಕಿಸೋನಿಗೆ 0.1 ವ್ಯತ್ಯಾಸ. ಬೈಕ್‌ಗೆ 3 ಲೀಟರ್ ಹಾಕಿಸೋನು ತಲೆ ಕೆಡಿಸ್ಕೊಳ್ಲಿ.

ಬಾಕ್ಸರ್_ಬಾಬು
98 ಕಡ್ಡಾಯ ಇರೋ ಗಾಡಿಗೆ ಯಾರೋ 91 ತುಂಬಿಸಿಬಿಟ್ರೆ ಟ್ಯಾಂಕ್ ಖಾಲಿ ಮಾಡಿಸ್ಬೇಕಾ?

ಇಣುಕುನೋಟ
ಸ್ಟಾಕ್ ಆದ್ರೆ ಬೇಡ. ಬೂಸ್ಟ್ ಬರುವಷ್ಟು ಒತ್ತಬೇಡಿ, ಆದ್ರೆ ಮೇಲಿನ ಗೇರ್‌ನಲ್ಲಿ 1,500ಕ್ಕೆ ಎಳೆಯೋ ಹಾಗೂ ಮಾಡ್ಬೇಡಿ. ಒಂದು ಗೇರ್ ಇಳಿಸಿ 2,500–3,500 ನಡುವೆ ಹಗುರಾಗಿ ಓಡಿಸಿ. 50 ಲೀಟರ್ ಟ್ಯಾಂಕ್‌ನಲ್ಲಿ 15 ಲೀಟರ್ 91 ಉಳಿದಾಗ 35 ಲೀಟರ್ 98 ಹಾಕಿದ್ರೆ 95.9. ಆ ತನಕ ಟ್ರೇಲರ್, ಘಾಟಿ, ರೇಸು ಯಾವುದೂ ಬೇಡ. ಮ್ಯಾಪ್ ಬದಲಿಸಿದ ಗಾಡಿ ಆದ್ರೆ ಖಾಲಿ ಮಾಡಿಸಿ, ಟ್ಯೂನರ್ ನಾಕ್ ನಿಯಂತ್ರಣವನ್ನ ಎಷ್ಟು ಮಂದ ಮಾಡಿಟ್ಟಿದ್ದಾನೋ ಯಾರಿಗೆ ಗೊತ್ತು. ಡೀಸೆಲ್ ಬೆರೆತಿದ್ರೆ ಸ್ಟಾರ್ಟ್ ಕೂಡ ಮಾಡ್ಬೇಡಿ.

ಲ್ಯಾಂಬ್ಡಾ_ಒಂದು
1,500ರ ಮಾತು ಎಲ್ರೂ ಎರಡು ಸಲ ಓದಿ. ಟರ್ಬೊ ಡಿಐ ಎಂಜಿನ್‌ನಲ್ಲಿ ಕಮ್ಮಿ ಆರ್‌ಪಿಎಂ, ಹೆಚ್ಚು ಲೋಡ್‌ಗೆ ಎಲ್‌ಎಸ್‌ಪಿಐ ಅನ್ನೋ ಬೇರೆಯೇ ಕಾಯಿಲೆ ಇದೆ. ಸಿಲಿಂಡರ್ ಗೋಡೆಯ ಆಯಿಲ್-ಪೆಟ್ರೋಲ್ ಹನಿ ಅಥವಾ ಕಾರ್ಬನ್ ಚೂರು ಕಿಡಿಗೆ ಮುಂಚೆಯೇ ಹೊತ್ತಿಸಿ, ಒಂದೇ ಏಟಿಗೆ ಪಿಸ್ಟನ್ ರಿಂಗ್ ಕೂರೋ ಅಂಚು ಮುರಿಯುತ್ತೆ. ಕಿಡಿ ಎಳೆದು ಪ್ರಯೋಜನ ಇಲ್ಲ, ಕಿಡಿ ಬೀಳೋ ಮುಂಚೆಯೇ ಎಲ್ಲ ಮುಗಿದಿರುತ್ತೆ. 98 ಹಾಕಿದ್ರೂ ಇದಕ್ಕೆ ಪೂರ್ತಿ ರಕ್ಷಣೆ ಇಲ್ಲ. ಆಯಿಲ್‌ನಲ್ಲಿ ಕ್ಯಾಲ್ಶಿಯಂ ಡಿಟರ್ಜೆಂಟ್ ಹೆಚ್ಚಿದ್ರೆ ಇದು ಹೆಚ್ಚು ಅಂತ ಕಂಡುಬಂದು, ಎಷ್ಟೋ ಆಯಿಲ್‌ಗಳಲ್ಲಿ ಒಂದು ಪಾಲು ಮೆಗ್ನೀಶಿಯಂಗೆ ಬದಲಿಸಿದ್ರು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಆಯಿಲ್ ದರ್ಜೆಗಳಾಗಿ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ತಂದದ್ದರಲ್ಲಿ ಈ ಪರೀಕ್ಷೆಯೂ ಸೇರಿದೆ. ಕೈಪಿಡಿಯ ಗ್ರೇಡ್‌ಗೆ ಹೊಂದೋ ಎಸ್‌ಪಿ ಆಯಿಲ್ ಹಾಕಿ, ಆರನೇ ಗೇರ್‌ನಲ್ಲಿ ಓವರ್‌ಟೇಕ್ ಮಾಡೋ ಚಟ ಬಿಡಿ.

ಪಿಸ್ಟನ್‌ಪುಟ್ಟ
ಮೊದಲನೇ ಉತ್ತರದಲ್ಲಿ ನಾನು ಹೇಳಿದ್ದೇನು? 98 ಹಾಕಿ ಸುಮ್ನಿರಿ ಅಂತ. ಸುಮ್ನೆ ಇಷ್ಟುದ್ದ ಎಳೆದ್ರಿ.

ಟರ್ಬೊಭಟ್ಟ
ನಡುವೆ ‘9.6 ತಾನೇ, 95 ಸಾಕಲ್ವಾ’ ಅಂದದ್ದು, ‘ಏನು ಹಾಕಿದ್ರೂ ಇಸಿಯು ನೋಡ್ಕೊಳ್ಳುತ್ತೆ’ ಅಂದದ್ದು ಯಾರು ಪುಟ್ಟಣ್ಣ?

ರೆಡ್‌ಲೈನ್_ರಂಗ
😂 ಸರಿ. ಟ್ಯಾಂಕ್‌ನಲ್ಲಿ ಈಗ ಪೂರ್ತಿ 95 ಇದೆ. ಇದರಲ್ಲೇ ಮೂರು ಓಟ ಲಾಗ್ ಮಾಡಿ, ಎರಡು ಟ್ಯಾಂಕ್ 98 ಓಡಿಸಿ ಮತ್ತೆ ಮೂರು ಮಾಡ್ತೀನಿ. ಇನ್‌ಟೇಕ್ ಕಾವು ಹೊಂದೋ ಓಟ ಮಾತ್ರ ಇಟ್ಕೊಳ್ತೀನಿ. ಇಣುಕುನೋಟ ಅವರೇ, ರಿಟಾರ್ಡ್ ಅಂಕಿ ಕೆಲವು ಆ್ಯಪ್‌ನಲ್ಲಿ ಮೈನಸ್, ಕೆಲವದರಲ್ಲಿ ಪ್ಲಸ್ ತೋರಿಸುತ್ತಲ್ಲ, ಎರಡೂ ಒಂದೇನಾ?

ಇಣುಕುನೋಟ
ಆ್ಯಪ್ ಮೇಲೆ ಹೋಗುತ್ತೆ. ಅದೇ ಕ್ಷಣದ ಇಗ್ನಿಷನ್ ಟೈಮಿಂಗ್ ಸಾಲು ಪಕ್ಕದಲ್ಲಿಟ್ಟು ನೋಡಿ. ಟೈಮಿಂಗ್ ಕೆಳಗಿಳಿದಾಗ ಆ ಅಂಕಿ ಸೊನ್ನೆಯಿಂದ ಯಾವ ಕಡೆ ಸರಿದ್ರೂ ಅದು ರಿಟಾರ್ಡೇ. ಲಾಗ್ ಹಾಕುವಾಗ ಚಿತ್ರ ಬೇಡ, ಸಿಎಸ್‌ವಿ ಫೈಲ್ ಹಾಕಿ.